ಸಾವೋದಲ್ಲಿ ಒಂದು ರಾತ್ರಿ, ಅತ್ತೆಯ ಜೊತೆ

"ಏನೇ ಅದು ಹೆಸರು? ಸಾವೋ? ಸಾವು ಅಂತ ಹೆಸರಿಟ್ಟಿರೋ ಕಾಡಿಗೆ ಯಾರಾದ್ರೂ ದುಡ್ಡು ಕೊಟ್ಟು ಹೋಗ್ತಾರಾ?" ಅಂದರು ನಮ್ಮತ್ತೆ.

ಕೆನ್ಯಾದ ಡಿಯಾನಿ ಬೀಚಿನಲ್ಲಿ ಎಳನೀರು ಕುಡಿಯುತ್ತಾ ಕೂತಿದ್ದಾಗ ಆದ ಮಾತು ಇದು. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ಮುಂದೆ ಒಂದು 'ಟಿ' ಇದೆ. ಆದರೆ ಬಾಯಲ್ಲಿ ಹೇಳುವಾಗ ಅದು ಕೇಳಿಸುವುದೇ ಇಲ್ಲ. ಸಾವೋ ಅಂತಲೇ ಕೇಳುತ್ತದೆ. ಅತ್ತೆಗೆ ಸಮಾಧಾನ ಆಗಲಿ ಅಂತ ಡ್ರೈವರನ್ನು ಅರ್ಥ ಕೇಳಿದೆ. ಕಾಂಬಾ ಜನರ ಮಾತಿನಲ್ಲಿ ಅದಕ್ಕೆ ಕಗ್ಗೊಲೆ ಅಂತ ಅರ್ಥ ಹೇಳುತ್ತಾರೆ ಅಂದ. ಅತ್ತೆ ನನ್ನ ಮುಖ ನೋಡಿದರು. "ನಾನು ಹೇಳಲಿಲ್ವಾ?"

ನಾವು ಹೋಗಿದ್ದು ಸಮುದ್ರಕ್ಕೆ. ಕಾಡಿಗಲ್ಲ. ಆದರೆ ಡಿಯಾನಿಯಲ್ಲಿ ಎರಡು ದಿನ ಇದ್ದರೆ ಸಾಕು, ಸಫಾರಿ ಬೇಡ ಅನ್ನೋಕೆ ಬಿಡುವುದಿಲ್ಲ. ರೆಸಾರ್ಟಿನ ಒಳಗೆ ಒಂದು ಮೇಜು, ಹೊರಗೆ ಮರಳಿನ ಮೇಲೆ ಫೋಟೋ ಆಲ್ಬಂ ಹಿಡಿದ ಹುಡುಗರು. ಒಂದು ರಾತ್ರಿ ಎರಡು ದಿನ, ಎರಡು ರಾತ್ರಿ ಮೂರು ದಿನ, ಎಲ್ಲದರ ಹಿಂದೆ 'ಲಕ್ಷುರಿ' ಅನ್ನೋ ಪದ. ಊರಿಗೆ ಬಂದ ಮೇಲೆ ನನ್ನ ಇನ್‌ಬಾಕ್ಸಿಗೂ ಅದೇ ಪ್ರಶ್ನೆ. ಬೀಚ್ ಜೊತೆಗೆ ಈ ಪುಟ್ಟ ಸಫಾರಿ ತಗೋಬಹುದಾ, ದುಡ್ಡು ದಂಡವಾ?

ತಗೊಳ್ಳಿ. ಆದರೆ ಒಂದೇ ರಾತ್ರಿ ಇರೋದಾದರೆ ಕಾಡೆಲ್ಲ ಸುತ್ತಬೇಡಿ. ನೀರಿರೋ ಕಡೆ ಹೋಗಿ ಕೂತುಬಿಡಿ. ಈ ಬುದ್ಧಿ ನನಗೆ ಬಂದಿದ್ದು ಅತ್ತೆಯ ಬೆನ್ನುನೋವಿನಿಂದ. ಆ ಕಥೆ ಆಮೇಲೆ ಹೇಳ್ತೀನಿ.

ಮೊದಲು ಮಸಾಯಿ ಮಾರಾ ಕಾಡಿಗೆ ಹೋಗೋಣ ಅಂತಿತ್ತು. ಡಿಯಾನಿ ಪಕ್ಕದ ಉಕುಂಡಾದಿಂದ ಪುಟ್ಟ ವಿಮಾನ ಹೋಗುತ್ತದೆ. ತಲೆಗೆ 15 ಕೆಜಿ ಸಾಮಾನು, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಅತ್ತೆ ವಿಮಾನದ ಫೋಟೋ ನೋಡಿ "ಇದಕ್ಕಿಂತ ನಮ್ಮೂರ ಟೆಂಪೋ ದೊಡ್ಡದು" ಅಂದರು. ಅಲ್ಲಿಗೆ ಮಾರಾ ಮುಗಿಯಿತು. ರಸ್ತೆಯಲ್ಲೇ ಹೋಗಿ ಬರಬಹುದಾದ ದೊಡ್ಡ ಕಾಡು ಅಂದರೆ ಪೂರ್ವ ಸಾವೋ. ಸುಮಾರು 13,700 ಚದರ ಕಿಲೋಮೀಟರ್. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದಂಥವು ಹದಿನೈದು ಹಿಡಿಸುತ್ತವೆ. ಅದರ ಪಕ್ಕದಲ್ಲೇ ಪಶ್ಚಿಮ ಸಾವೋ ಬೇರೆ. 1948ರಲ್ಲಿ ಆದ ಉದ್ಯಾನ ಇದು. ಇಷ್ಟು ದೊಡ್ಡ ಕಾಡನ್ನು ಒಂದು ರಾತ್ರಿಯಲ್ಲಿ 'ಕವರ್' ಮಾಡಿಸ್ತೀವಿ ಅನ್ನೋರನ್ನು ನಂಬೋದು ಹೇಗೆ ಹೇಳಿ.

ಲಕ್ಷುರಿ ಬಗ್ಗೆ ಒಂದು ಮಾತು. ನಮ್ಮ ಏಜೆಂಟ್ "ಗಾಡಿ ಪೂರ್ತಿ ನಿಮಗೇ" ಅಂದಿದ್ದ. ಬೆಳಗಿನ ಜಾವ ಐದಕ್ಕೆ ಗಾಡಿ ಬಂದಾಗ ಮುಂದಿನ ಸೀಟಿನಲ್ಲಿ ಆಗಲೇ ಒಂದು ಜೋಡಿ ನಿದ್ದೆ ಹೊಡೀತಿತ್ತು. ಕೇಳಿದರೆ "ಹಕುನಾ ಮಟಾಟಾ" ಅಂದ. ತೊಂದರೆ ಇಲ್ಲ ಅಂತ ಅರ್ಥ. ತೊಂದರೆ ಯಾರಿಗಿಲ್ಲ ಅಂತ ಆ ಮಾತಿನಲ್ಲಿ ಬರೋದಿಲ್ಲ. ದಯವಿಟ್ಟು ಬರೆಸಿಕೊಳ್ಳಿ. ಗಾಡಿ ಯಾವುದು, ಎಷ್ಟು ಜನ, ಕಾಡಿನ ಟಿಕೆಟ್ ಸೇರಿದೆಯೋ ಇಲ್ಲವೋ. ಟಿಕೆಟ್ ಡಾಲರಿನಲ್ಲಿ, 24 ಗಂಟೆಗೆ ಅಷ್ಟೇ. ಒಂದು ರಾತ್ರಿಯ ಸಫಾರಿ ಯಾಕೆ ಹಾಗೆ ಗಡಿಬಿಡಿಯಲ್ಲಿ ಓಡುತ್ತದೆ ಅಂದರೆ ಆ 24 ಗಂಟೆಯ ಲೆಕ್ಕದಿಂದ.

ಮೊಂಬಾಸಾ ಒಂದು ದ್ವೀಪ. ಮೊದಲೆಲ್ಲ ಡಿಯಾನಿಯಿಂದ ಹೊರಟರೆ ಲಿಕೋನಿ ಫೆರಿಯಲ್ಲಿ ಕಾಯಬೇಕಿತ್ತು. ಈಗ ದೋಂಗೋ ಕುಂಡು ಬೈಪಾಸ್ ಬಂದಿದೆ. ಅಲ್ಲಿಂದ ನೈರೋಬಿ ಹೆದ್ದಾರಿ. ಬಂದರಿನಿಂದ ನೈರೋಬಿಗೆ, ಉಗಾಂಡಾಗೆ ಹೋಗೋ ಕಂಟೇನರ್ ಲಾರಿಗಳ ಸಾಲು. ಪಕ್ಕದಲ್ಲಿ ಎತ್ತರದ ಮಣ್ಣಿನ ದಿಬ್ಬದ ಮೇಲೆ 2017ರಲ್ಲಿ ಶುರುವಾದ ಹೊಸ ರೈಲು ದಾರಿ. ಆನೆಗಳು ಈ ಕಡೆಯಿಂದ ಆ ಕಡೆಗೆ ಹೋಗಲಿ ಅಂತ ದಿಬ್ಬದ ಕೆಳಗೆ ಅಲ್ಲಲ್ಲಿ ದಾರಿ ಬಿಟ್ಟಿದ್ದಾರೆ. ಆನೆಗಳೂ ಅದನ್ನು ಕಲಿತುಕೊಂಡಿವೆಯಂತೆ.

ಹಳೆಯ ರೈಲು ದಾರಿಯ ಕಥೆ ನಿಮಗೆ ಗೊತ್ತಿರಬಹುದು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಹಳಿ ಹಾಕಿಸಿದರು. ಕೆಲಸಕ್ಕೆ ನಮ್ಮ ಕಡೆಯಿಂದ 30 ಸಾವಿರಕ್ಕೂ ಜಾಸ್ತಿ ಜನರನ್ನು ಕರೆದುಕೊಂಡು ಹೋದರು. ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಅಲ್ಲೇ ಸತ್ತರು. ಜ್ವರ, ಗಾಯ, ಅಪಘಾತ. ಅವರಲ್ಲಿ ಕೆಲವರನ್ನು ಎರಡು ಸಿಂಹ ತಿಂದವು. 1898ರಲ್ಲಿ ಸಾವೋ ನದಿಗೆ ಸೇತುವೆ ಕಟ್ಟುವಾಗ ರಾತ್ರಿ ಡೇರೆಗೆ ನುಗ್ಗಿ ಎಳೆದುಕೊಂಡು ಹೋಗುತ್ತಿದ್ದವು. ಎರಡೂ ಗಂಡು, ಆದರೂ ಕೇಸರ ಇಲ್ಲ. ಸೇತುವೆಯ ಉಸ್ತುವಾರಿ ಪ್ಯಾಟರ್ಸನ್ ಆ ವರ್ಷದ ಡಿಸೆಂಬರಿನಲ್ಲಿ ಎರಡನ್ನೂ ಕೊಂದ. ಸತ್ತವರು ಎಷ್ಟು ಅಂದರೆ ಅವನು 135 ಅಂತ ಬರೆದ, ಈಚೆಗೆ ಸಿಂಹಗಳ ಕೂದಲು, ಮೂಳೆ ಪರೀಕ್ಷೆ ಮಾಡಿದವರು 35ರ ಆಸುಪಾಸು ಅಂದರು. ಸಿಂಹಗಳ ಚರ್ಮ ಅವನ ಮನೆಯಲ್ಲಿ 25 ವರ್ಷ ಕಾಲೊರೆಸು ಆಗಿ ಬಿದ್ದಿತ್ತು. 1924ರಲ್ಲಿ ಶಿಕಾಗೋದ ಫೀಲ್ಡ್ ಮ್ಯೂಸಿಯಂ ಕೊಂಡುಕೊಂಡಿತು. ಈಗಲೂ ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ನಿಂತಿವೆ. ಡ್ರೈವರ್ ಇದನ್ನೆಲ್ಲ ಹೇಳುತ್ತಿದ್ದಾಗ ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಅವರ ಮನೆಯವರಿಗೆ ಯಾರಾದ್ರೂ ಕಾಗದ ಬರೆದರಂತಾ?" ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. ಅವನು ಕನ್ನಡಿಯಲ್ಲಿ ಅತ್ತೆಯನ್ನು ನೋಡಿ ತಲೆ ಆಡಿಸಿದ, ಅಷ್ಟೇ.

ಗೇಟು ದಾಟಿದ ತಕ್ಷಣ ಮಣ್ಣು ಕೆಂಪಾಗುತ್ತದೆ. ನಮ್ಮ ಕೆಮ್ಮಣ್ಣಿನ ಹಾಗಲ್ಲ, ಇನ್ನೂ ಗಾಢ. ಮೊದಲ ಆನೆ ಹಿಂಡು ಕಂಡಾಗ ಅತ್ತೆ "ಅಯ್ಯೋ, ಓಕುಳಿ ಆಡಿ ಬಂದಿವೆ ನೋಡೇ" ಅಂದರು. ಹಾಗೇ ಇದ್ದವು. ಈ ಮಣ್ಣನ್ನೇ ಸೊಂಡಿಲಲ್ಲಿ ಎತ್ತಿ ಮೈಮೇಲೆ ಚೆಲ್ಲಿಕೊಳ್ಳುತ್ತವೆ, ಕೆಸರಲ್ಲಿ ಹೊರಳುತ್ತವೆ. ಬಿಸಿಲಿಗೆ, ನೊಣಕ್ಕೆ ಅದೇ ಔಷಧ. ಒಳಗಿನ ಬಣ್ಣ ಎಲ್ಲ ಆನೆಗಳ ಹಾಗೆ ಬೂದಿಯೇ.

ಮಿಕ್ಕ ಪ್ರಾಣಿಗಳ ಪಟ್ಟಿ ಕೊಡೋದಿಲ್ಲ. ಎರಡೇ ಹೇಳ್ತೀನಿ. ಜೆರೆನುಕ್ ಅಂತ ಒಂದು ಜಿಂಕೆ, ಉದ್ದ ಕತ್ತು, ಹಿಂಗಾಲ ಮೇಲೆ ನೆಟ್ಟಗೆ ನಿಂತು ಮೇಲಿನ ಸೊಪ್ಪು ತಿನ್ನುತ್ತದೆ. ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದವರ ಹಾಗೆ. ಇನ್ನೊಂದು ಜೀಬ್ರಾ. ಸ್ವಾಹಿಲಿಯಲ್ಲಿ ಅದಕ್ಕೆ 'ಪುಂಡಾ ಮಿಲಿಯಾ' ಅಂತಾರೆ, ಅಂದರೆ ಪಟ್ಟೆ ಕತ್ತೆ. ಸರಿಯಾಗಿದೆ ಅಲ್ವಾ? ಅಂದ ಹಾಗೆ ಆ ಭಾಷೆಯಲ್ಲಿ ಗಾಡಿಗೆ 'ಗಾರಿ', ಅಂಗಡಿಗೆ 'ದುಕಾ', ಚಾಯ್‌ಗೆ ಚಾಯ್, ಚಪಾತಿಗೆ ಚಪಾತಿ. ಅತ್ತೆ ಎರಡನೇ ದಿನದಿಂದಲೇ ಅಡುಗೆಯವನ ಜೊತೆ ನೇರ ಮಾತಿಗೆ ಇಳಿದಿದ್ದರು.

ಹನ್ನೊಂದರ ಹೊತ್ತಿಗೆ ಡ್ರೈವರನ ವೈರ್‌ಲೆಸ್‌ನಲ್ಲಿ 'ಸಿಂಬಾ' ಅನ್ನೋ ಪದ ಕೇಳಿಸಿತು. ಅಷ್ಟೇ. ಅಲ್ಲಿವರೆಗೆ ಮೆತ್ತಗೆ ಹೋಗುತ್ತಿದ್ದ ಗಾಡಿ ಹಾರಿತು. ಕಾಡಿನೊಳಗೆ ಗಂಟೆಗೆ 40 ಕಿಲೋಮೀಟರ್ ಮಿತಿ ಅಂತ ಬೋರ್ಡು ನಾನೇ ಓದಿದ್ದೆ. ಹೋಗಿ ನೋಡಿದರೆ ಒಂದು ಪೊದೆ, ಅದರ ಸುತ್ತ ಹದಿನಾಲ್ಕು ಗಾಡಿ. ಪೊದೆಯ ಒಳಗೆ ಒಂದು ಹೆಣ್ಣು ಸಿಂಹದ ಕಿವಿ. ಕಿವಿ ಮಾತ್ರ. ಎಲ್ಲ ಗಾಡಿಯ ಚಾವಣಿಯಿಂದ ತಲೆಗಳು, ತಲೆಗಳಿಂದ ಕ್ಯಾಮೆರಾಗಳು. ಡೀಸೆಲ್ ಹೊಗೆ. ನಮ್ಮ ಕಬಿನಿ ಕಡೆ ಹುಲಿ ಕಂಡಾಗಲೂ ಇದೇ ಗಲಾಟೆ, ಆದ್ದರಿಂದ ಆಫ್ರಿಕಾದವರನ್ನು ಬಯ್ಯೋ ಹಕ್ಕು ನನಗಿಲ್ಲ. ಡ್ರೈವರನನ್ನೂ ಬಯ್ಯಲ್ಲ. ಸಿಂಹ ತೋರಿಸಿದರೆ ಟಿಪ್ಸ್, ಇಲ್ಲದಿದ್ದರೆ ಇಲ್ಲ. ಆ ಓಟಕ್ಕೆ ದುಡ್ಡು ಕೊಡ್ತಿರೋದು ನಾವೇ.

ಮಧ್ಯಾಹ್ನ ಲಾಡ್ಜಿಗೆ ಬಂದೆವು. ಕ್ಯಾನ್ವಾಸ್ ಡೇರೆ ಅಂತಾರೆ, ಒಳಗೆ ಮರದ ನೆಲ, ನಾಲ್ಕು ಕಂಬದ ಮಂಚ, ಸ್ನಾನಕ್ಕೆ ಟಬ್ಬು. ಎದುರಿಗೆ ಈಜುಕೊಳ. ಅದರ ಆಚೆ ಒಂದು ಕಂದಕ, ಕಂದಕದ ಆಚೆ ನೀರುಗುಂಡಿ. ಬೋರ್‌ವೆಲ್ ನೀರನ್ನು ಪೈಪಿನಲ್ಲಿ ಆ ಗುಂಡಿಗೆ ಬಿಡುತ್ತಾರೆ.

ನಾಲ್ಕು ಗಂಟೆಗೆ ಮತ್ತೆ ಸಫಾರಿ. ಅತ್ತೆ "ನನ್ನ ಬೆನ್ನು ಎರಡು ತುಂಡಾಗಿದೆ, ನಾನು ಬರಲ್ಲ" ಅಂದರು. ಅವರಿಗೆ 71. ಅವರೊಬ್ಬರನ್ನೇ ಬಿಡೋಕಾಗುತ್ತಾ? ನಮ್ಮನೆಯವರೂ ಮಗನೂ ಹೋದರು, ನಾನು ಉಳಿದೆ. ಸುಳ್ಳು ಹೇಳಲ್ಲ, ಒಳಗೊಳಗೇ ಕೋಪ ಬಂದಿತ್ತು. ಇಷ್ಟು ದುಡ್ಡು ಕೊಟ್ಟು ಕುರ್ಚಿ ಮೇಲೆ ಕೂರೋಕಾ ಬಂದಿದ್ದು ಅಂತ.

ಮೂರು ಗಂಟೆ ಕೂತೆವು.

ಮೊದಲು ಕಾಡುಹಂದಿಗಳು ಬಂದವು. ಮುಂಗಾಲು ಮಂಡಿಯೂರಿ ನೀರು ಕುಡಿದು, ಬಾಲ ಆಂಟೆನಾ ಹಾಗೆ ಎತ್ತಿಕೊಂಡು ಹೋದವು. ಆಮೇಲೆ ಕಾಡೆಮ್ಮೆಗಳು. ಬಂದು, ನಿಂತು, ಯಾಕೋ ಹಿಂದಕ್ಕೆ ಸರಿದವು. ಯಾಕೆ ಅಂತ ಹತ್ತು ನಿಮಿಷದ ಮೇಲೆ ಗೊತ್ತಾಯಿತು. ಪೊದೆಗಳ ಸಂದಿಯಿಂದ ಕೆಂಪು ಬೆನ್ನುಗಳು. ಸದ್ದೇ ಇಲ್ಲ. ಹನ್ನೆರಡು ಆನೆ, ಅದರಲ್ಲಿ ಮೂರು ಮರಿ. ದೊಡ್ಡ ಹೆಣ್ಣಾನೆ ಗುಂಡಿಯ ಕಡೆ ನೋಡಲೂ ಇಲ್ಲ. ಸೀದಾ ಪೈಪಿನ ಬಾಯಿಗೆ ಹೋಗಿ ನಿಂತಿತು. ಹೊಸ ನೀರು ಬೀಳೋ ಜಾಗ ಅದು. ಮಿಕ್ಕವು ಕಲಕಿದ ನೀರು ಕುಡಿಯಬೇಕು. ಒಂದು ಎಳೆಯದು ಪೈಪಿನ ಹತ್ತಿರ ಬಂದರೆ ಮೆಲ್ಲಗೆ ಹಿಂದಿನಿಂದ ತಳ್ಳಿತು. ಅತ್ತೆ ಬಿದ್ದು ಬಿದ್ದು ನಕ್ಕರು. "ನಮ್ಮ ಬೀದಿ ನಲ್ಲಿ ಹತ್ತಿರ ಆ ಪುಟ್ಟಮ್ಮ ಹೀಗೇ ಕಣೆ. ಅವಳ ಕೊಡ ತುಂಬೋವರೆಗೆ ಯಾರೂ ಮುಟ್ಟೋ ಹಾಗಿರಲಿಲ್ಲ."

ಮೈಸೂರಿನಲ್ಲಿ ಹುಟ್ಟಿ ಬೆಳೆದವರು ಅವರು. ದಸರಾ ಆನೆಗಳ ಒಂದೊಂದರ ಹೆಸರು, ಸ್ವಭಾವ ಬಾಯಲ್ಲೇ ಇದೆ. ಇಲ್ಲಿ ಹೆಣ್ಣಾನೆಗೂ ದಂತ ಇರೋದು ನೋಡಿ ಮೊದಲು ನಂಬಲಿಲ್ಲ. "ಗಂಡೇ ಇರಬೇಕು, ಸರಿಯಾಗಿ ನೋಡು" ಅಂದರು. ಅದರ ಕಾಲ ಕೆಳಗೆ ಮರಿ ಹಾಲು ಕುಡಿಯೋಕೆ ಶುರು ಮಾಡಿದ ಮೇಲೆ ಸುಮ್ಮನಾದರು. ಕಿವಿ ಮೊರದಷ್ಟಲ್ಲ, ಬಾಗಿಲಿನಷ್ಟು ದೊಡ್ಡದು. ಬೆನ್ನು ನಮ್ಮ ಆನೆಯ ಹಾಗೆ ಉಬ್ಬಿಲ್ಲ, ನಡುವೆ ತಗ್ಗು. "ಇದರ ಮೇಲೆ ಅಂಬಾರಿ ಕಟ್ಟಿದ್ರೆ ಜಾರಲ್ಲ" ಅಂತ ತೀರ್ಪು ಕೊಟ್ಟರು. ತೀರ ಚಿಕ್ಕ ಮರಿಗೆ ಸೊಂಡಿಲಿನಿಂದ ಕುಡಿಯೋದು ಇನ್ನೂ ಬಂದಿರಲಿಲ್ಲ. ಮಂಡಿಯೂರಿ ಬಾಯಿ ಹಾಕಿ ಕುಡಿಯುತ್ತಿತ್ತು, ಸೊಂಡಿಲನ್ನು ಏನು ಮಾಡೋದು ಅಂತ ಗೊತ್ತಾಗದೆ ಪಕ್ಕಕ್ಕೆ ಇಟ್ಟುಕೊಂಡು.

ಕತ್ತಲಾಗುವ ಹೊತ್ತಿಗೆ ಮೂರು ಹಿಂಡು ಬಂದು ಹೋಗಿದ್ದವು. ಕಾಡೆಮ್ಮೆಗಳಿಗೆ ಸರದಿ ಸಿಕ್ಕಿದ್ದು ಕೊನೆಯಲ್ಲಿ. ಏಳು ಗಂಟೆಗೆ ನಮ್ಮನೆಯವರು ಬಂದರು, ಹುಬ್ಬಿನಲ್ಲೆಲ್ಲ ಧೂಳು. ಚಿರತೆ ಇದೆ ಅಂತ 30 ಕಿಲೋಮೀಟರ್ ಹೋದರಂತೆ. ಚಿರತೆ ಹೋಗಿಬಿಟ್ಟಿತ್ತಂತೆ.

ಆದರೆ ಆ ನೀರಿನ ಬಗ್ಗೆ ನನಗೆ ಇವತ್ತಿಗೂ ಸಮಾಧಾನ ಇಲ್ಲ. ಬೆಳಿಗ್ಗೆ ಹೆದ್ದಾರಿಯ ಪಕ್ಕ ಹಳದಿ ಜೆರ್ರಿಕ್ಯಾನ್ ಸಾಲು ಇಟ್ಟುಕೊಂಡು ಹೆಂಗಸರು ಕಾಯುತ್ತಿದ್ದರು. ನನ್ನ ಡೇರೆಯಲ್ಲಿ ಟಬ್ಬು. 2022ರ ಬರದಲ್ಲಿ ಒಂಬತ್ತು ತಿಂಗಳಲ್ಲಿ ಕೆನ್ಯಾದಲ್ಲಿ 205 ಆನೆ ಸತ್ತವು ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿತು. 1970-71ರ ಬರದಲ್ಲಂತೂ ಸಾವೋದಲ್ಲಿ ಸಾವಿರಾರು. ಹಾಗಂತ ಎಲ್ಲ ಕಡೆ ಬೋರ್‌ವೆಲ್ ಕೊರೆದು ಗುಂಡಿ ತುಂಬಿಸಿದರೆ ಆನೆಗಳು ಅಲ್ಲೇ ಗುಂಪಾಗಿ ನಿಂತು ಸುತ್ತಲಿನ ಮರ ಮುರಿದು ಬೋಳು ಮಾಡುತ್ತವೆ. ನಮ್ಮ ಲಾಡ್ಜಿನ ಸುತ್ತ ಅದು ಕಣ್ಣಿಗೆ ಕಾಣುತ್ತಿತ್ತು. ಇನ್ನೊಂದು ವಿಷಯ. ಪೂರ್ವ ಸಾವೋದ ಮಧ್ಯೆ ಗಲಾನಾ ನದಿ ಹರಿಯುತ್ತದೆ. ಮುಂದೆ ಅದಕ್ಕೆ ಸಬಾಕಿ ಅಂತ ಹೆಸರು. ಅದರ ದಡದ ಬಾರಿಚೋ ಬಾವಿಗಳಿಂದ ಮೊಂಬಾಸಾಗೆ ನೀರು ಹೋಗುತ್ತದೆ. ಪಶ್ಚಿಮ ಸಾವೋದ ಮ್ಜೀಮಾ ಬುಗ್ಗೆಯಿಂದಲೂ ಮೊಂಬಾಸಾವರೆಗೆ ಪೈಪ್ ಇದೆ. ಅಂದರೆ ಈ ಒಣ ಕಾಡು ಕರಾವಳಿಯ ಪೇಟೆಗೆ ನೀರು ಕುಡಿಸುತ್ತಿದೆ. ಸಮುದ್ರದ ದಡದ ಆಲ್ಬಂನಲ್ಲಿ ಸಿಂಹ ಇತ್ತು, ಇದಿರಲಿಲ್ಲ.

ಟಬ್ಬು ಏನು ಮಾಡಿದೆ ಅಂತ ಕೇಳ್ತೀರಾ? ತುಂಬಿಸಿದೆ. ಅರ್ಧ.

ರಾತ್ರಿ ಡೇರೆಯಿಂದ ಊಟದ ಮನೆಗೆ ಒಬ್ಬರೇ ಹೋಗೋ ಹಾಗಿಲ್ಲ. ಟಾರ್ಚ್ ಹಿಡಿದ ಕಾವಲುಗಾರ, ಅಲ್ಲಿ ಅಸ್ಕಾರಿ ಅಂತಾರೆ, ಬಂದು ಕರೆದುಕೊಂಡು ಹೋಗುತ್ತಾನೆ. ಊಟಕ್ಕೆ ತೆಂಗಿನಹಾಲು ಹಾಕಿದ ಕಾಳಿನ ಪಲ್ಯ, ಚಪಾತಿ. ಸಸ್ಯಾಹಾರಿಗಳು ಹೆದರಬೇಡಿ. ಎರಡು ಗಂಟೆಯ ಹೊತ್ತಿಗೆ ದೂರದಲ್ಲಿ ಸಿಂಹ ಕೂಗಿತು. ಹಾಸಿಗೆಯ ಮೇಲೆ ಮಲಗಿ ಕೇಳಿದ ಆ ದನಿ ಬೆಳಿಗ್ಗೆಯ ಕಿವಿಗಿಂತ ಎಷ್ಟೋ ದೊಡ್ಡದಾಗಿತ್ತು. ಪಕ್ಕದ ಮಂಚದಿಂದ ಅತ್ತೆ ಮೆತ್ತಗೆ "ಜಿಪ್ ಹಾಕಿದೀಯಾ?" ಅಂದರು.

ಹೋಗೋರಿಗೆ ಒಂದೆರಡು ಮಾತು. ಹಳದಿ ಜ್ವರದ ಲಸಿಕೆ ಹೊರಡೋ ಹತ್ತು ದಿನ ಮೊದಲೇ ಆಗಿರಬೇಕು. ಅದರ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ತಡೆದು ಕ್ವಾರಂಟೈನ್‌ಗೆ ಕಳಿಸಬಹುದು. ಅರವತ್ತು ದಾಟಿದವರು ಡಾಕ್ಟರನ್ನು ಕೇಳದೆ ಆ ಲಸಿಕೆ ಹಾಕಿಸಿಕೊಳ್ಳಬೇಡಿ, ಅತ್ತೆಯ ವಿಷಯದಲ್ಲಿ ನಾವು ಎರಡು ಸಲ ಅಲೆದಿದ್ದೇವೆ. ಮಲೇರಿಯಾ ಮಾತ್ರೆಯನ್ನೂ ಅವರನ್ನೇ ಕೇಳಿ. 2017ರಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧ, ಕೋಡುಬಳೆಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ. ಲಾಡ್ಜ್ ಬುಕ್ ಮಾಡುವಾಗ ಈಜುಕೊಳದ ಫೋಟೋ ನೋಡಬೇಡಿ, ನೀರುಗುಂಡಿ ಅಥವಾ ಹೊಳೆ ಎದುರಿಗೇ ಕಾಣುತ್ತಾ ಅಂತ ಕೇಳಿ. ಬಿಳಿ ಬಟ್ಟೆ ಬೇಡವೇ ಬೇಡ.

ಮರುದಿನ ಮಧ್ಯಾಹ್ನ ಡಿಯಾನಿಗೆ ವಾಪಸ್. ರೂಮಿಗೆ ಬಂದವಳೇ ಮುಖ ತೊಳೆದು ಒರೆಸಿಕೊಂಡೆ. ಬಿಳಿ ಟವೆಲ್ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅದನ್ನು ಬಚ್ಚಿಡೋದು ಎಲ್ಲಿ ಅಂತ ನೋಡುತ್ತಿರುವಾಗಲೇ ರೂಮು ಗುಡಿಸೋ ಹೆಂಗಸು ಒಳಗೆ ಬಂದಳು. ಟವೆಲ್ ನೋಡಿದಳು, ಅತ್ತೆಯ ಸೀರೆಯ ಅಂಚು ನೋಡಿದಳು, ನಕ್ಕಳು.

"ಸಾವೋ?"

"ಹ್ಞೂ ಕಣಮ್ಮ, ಸಾವೋ" ಅಂದರು ಅತ್ತೆ, ಅಚ್ಚ ಕನ್ನಡದಲ್ಲಿ. "ಸಾಯ್ದೇ ವಾಪಸ್ ಬಂದ್ವಿ."