ದೊಡ್ಡ ತಾತ ಬರ್ಮಾಕ್ಕೆ ಹೋಗಿರಲಿಲ್ಲ

ನಮ್ಮ ಊರಿನ ಮನೆಯ ನಡುಮನೆಯಲ್ಲಿ ಒಂದು ಹಳೆಯ ಫೋಟೊ ಇದೆ. ಖಾಕಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕ್ಯಾಮೆರಾವನ್ನು ನೋಡಲು ಸಂಕೋಚಪಡುವ ಕಣ್ಣು. ಚೌಕಟ್ಟಿನ ಕೆಳಗೆ ಯಾರೋ ಬಿಳಿ ಬಣ್ಣದಲ್ಲಿ ‘ಬರ್ಮಾ ಯುದ್ಧದಲ್ಲಿ ಹೋರಾಡಿದ ವೀರ’ ಎಂದು ಬರೆಸಿದ್ದಾರೆ. ಅವರು ನನ್ನ ತಾತನ ಅಣ್ಣ. ಮಾಗಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಅವರು ಜಪಾನಿಯರ ಮೇಲೆ ಗುಂಡು ಹಾರಿಸಿದ ಕಥೆ ಕೇಳಿಕೊಂಡೇ ನಾವೆಲ್ಲ ಬೆಳೆದೆವು.

ಎರಡು ವರ್ಷ ಹುಡುಕಿದ ಮೇಲೆ ಹೇಳುತ್ತಿದ್ದೇನೆ. ದೊಡ್ಡ ತಾತ ಬರ್ಮಾಕ್ಕೆ ಹೋಗಿರಲಿಲ್ಲ. ಬಂದೂಕನ್ನೂ ಹಿಡಿದಿರಲಿಲ್ಲ. ಯುದ್ಧ ಮುಗಿಯುವವರೆಗೂ ಅವರು ಇದ್ದದ್ದು ನಮ್ಮ ಊರಿನಿಂದ ಒಂದು ದಿನದ ಗಾಡಿ ದಾರಿಯ ಜಾಲಹಳ್ಳಿಯಲ್ಲಿ, ಸೇನಾ ಆಸ್ಪತ್ರೆಯ ವಾರ್ಡಿನಲ್ಲಿ.

ಇದು ತಿಳಿದದ್ದು ಒಂದು ತಗಡಿನ ಪೆಟ್ಟಿಗೆಯಿಂದ. ಅದರಲ್ಲಿ ಸೇವೆಯಿಂದ ಬಿಡುಗಡೆಯಾದ ಪತ್ರವಿತ್ತು. ಸೇರಿದ ದಿನಾಂಕವಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಜಾಲಹಳ್ಳಿಯ ಮೊಹರು ಮಾತ್ರ ಓದುವಂತಿತ್ತು, ಹುದ್ದೆಯ ಜಾಗದಲ್ಲಿ ‘ನರ್ಸಿಂಗ್ ಸಿಪಾಯಿ’ ಎಂದಿತ್ತು. ಪತ್ರದ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಪದಕಗಳು. ಒಂದು 1939–45ರ ವಾರ್ ಮೆಡಲ್. ಇನ್ನೊಂದರ ಹಿಂಬದಿಯಲ್ಲಿ ಭಾರತದ ನಕ್ಷೆ. ಅದು ಇಂಡಿಯಾ ಸರ್ವಿಸ್ ಮೆಡಲ್. ಯುದ್ಧಕಾಲದಲ್ಲಿ ರಣರಂಗಕ್ಕೆ ಹೋಗದೆ ಭಾರತದೊಳಗೇ ಮೂರು ವರ್ಷ ಸೇವೆ ಮಾಡಿದವರಿಗೆ ಅದನ್ನು ಕೊಡುತ್ತಿದ್ದರು. ಲೆಕ್ಕಕ್ಕೆ ಹಿಡಿಯುವ ಅವಧಿ 1945ರ ಸೆಪ್ಟೆಂಬರ್ 2ಕ್ಕೆ ಮುಗಿಯುತ್ತದೆ. ಹಾಗಾದರೆ ದೊಡ್ಡ ತಾತ 1942ರ ಸೆಪ್ಟೆಂಬರಿಗಿಂತ ಮುಂಚೆಯೇ ಸೇರಿರಬೇಕು. ಗೆದ್ದಲು ತಿಂದದ್ದನ್ನು ಪದಕ ಹೇಳಿತು. ಬರ್ಮಾದಲ್ಲಿ ಹೋರಾಡಿದವರಿಗೆ ಸಿಗುತ್ತಿದ್ದ ಬರ್ಮಾ ಸ್ಟಾರ್ ಪೆಟ್ಟಿಗೆಯಲ್ಲಿ ಇರಲಿಲ್ಲ. ಮನೆಯಲ್ಲಿ ಹಿರಿಯರ ಪದಕಗಳಿದ್ದರೆ ದಯವಿಟ್ಟು ಹೊಳಪು ಕೊಡಿಸಲು ಓಡಬೇಡಿ, ಮೊದಲು ಅವು ಯಾವುವು ಎಂದು ನೋಡಿ.

ಕಡತಗಳಲ್ಲಿ ಅವರನ್ನು ಹುಡುಕುವುದು ಬಹಳ ಕಷ್ಟ. ಆಗ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಸತ್ತವರ ಹೆಸರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ನೋಡಬಹುದು, ಬದುಕಿ ಬಂದವರಿಗೆ ಅಂತಹ ಪಟ್ಟಿ ಇಲ್ಲ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯೂಒ 177 ಎಂಬ ಸರಣಿಯಿದೆ, ಸೇನಾ ವೈದ್ಯಕೀಯ ಘಟಕಗಳ ಯುದ್ಧ ದಿನಚರಿಗಳು. ಅಂತಹ ದಿನಚರಿಗಳಲ್ಲಿ ಅಧಿಕಾರಿಗಳ ಹೆಸರು ಸಿಗುತ್ತದೆ, ಹಾಸಿಗೆಗಳ ಸಂಖ್ಯೆ ಸಿಗುತ್ತದೆ. ಬೆಡ್‌ಪ್ಯಾನ್ ಎತ್ತಿದವನ ಹೆಸರು ಸಿಗುವುದು ಅಪರೂಪ. ಸಿಪಾಯಿಗಳ ದಾಖಲೆಗೆ ಲಕ್ನೋದಲ್ಲಿರುವ ಆರ್ಮಿ ಮೆಡಿಕಲ್ ಕೋರ್‌ನ ದಾಖಲೆ ಕಚೇರಿಗೆ ಬರೆಯಬೇಕು. ಬರೆಯುವಾಗ ಸೈನ್ಯದ ಸಂಖ್ಯೆ ಗೊತ್ತಿರಲೇಬೇಕು. ಹೆಸರೊಂದನ್ನೇ ನಂಬಿ ಹೋದರೆ ಇಂಗ್ಲಿಷಿನಲ್ಲಿ ಗುಮಾಸ್ತ ಬರೆದುಕೊಂಡ ಕಾಗುಣಿತಕ್ಕೆ ಮಿತಿಯೇ ಇಲ್ಲ.

ಕಡತಕ್ಕಿಂತ ಹೆಚ್ಚನ್ನು ಕೊಟ್ಟವರು ನನ್ನ ಅಜ್ಜಿ. ಅವರಿಗೀಗ ತೊಂಬತ್ತು ದಾಟಿದೆ. ದೊಡ್ಡ ತಾತ ಒಮ್ಮೆ ಅವರ ಹತ್ತಿರ ‘ಅಲ್ಲಿ ಬಿಳಿಯರೂ ಅರಿಶಿನ ಹಚ್ಚಿದ ಮದುಮಕ್ಕಳ ಹಾಗೆ ಇರುತ್ತಿದ್ದರು’ ಎಂದಿದ್ದರಂತೆ. ಮನೆಯವರೆಲ್ಲ ಅದನ್ನು ಕಾಮಾಲೆ ಎಂದುಕೊಂಡಿದ್ದರು. ಅದು ಮೆಪಾಕ್ರಿನ್. ಮಲೇರಿಯಾ ಬರದಿರಲಿ ಎಂದು ಸೈನಿಕರು ದಿನವೂ ನುಂಗಬೇಕಿದ್ದ ಹಳದಿ ಮಾತ್ರೆ, ಚರ್ಮವನ್ನೇ ಹಳದಿ ಮಾಡುತ್ತಿತ್ತು. ಬರ್ಮಾ ರಂಗದಲ್ಲಿ 1943ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಬೇಕಾದ ಪ್ರತಿ ಒಬ್ಬನಿಗೆ ಕಾಯಿಲೆ ಬಿದ್ದು ಸಾಗಿಸಬೇಕಾದವರು 120 ಮಂದಿ ಎಂದು ಅಲ್ಲಿ ಸೇನೆ ನಡೆಸಿದ ಜನರಲ್ ಸ್ಲಿಮ್ ಬರೆದಿದ್ದಾರೆ. ಮಲೇರಿಯಾ, ರಕ್ತಭೇದಿ, ಸ್ಕ್ರಬ್ ಟೈಫಸ್. ಆ ಯುದ್ಧವನ್ನು ನಿಲ್ಲಿಸಿಬಿಡಬಹುದಾಗಿದ್ದದ್ದು ಈ ಕಾಯಿಲೆಗಳು. ಅವನ್ನು ಎದುರಿಸಿ ನಿಂತವರಲ್ಲಿ ವಾರ್ಡಿನ ಸಿಪಾಯಿಯೂ ಒಬ್ಬ.

ಹಾಗಾದರೆ ಬರ್ಮಾದ ಕಥೆ ಹುಟ್ಟಿದ್ದೆಲ್ಲಿ? ಅಜ್ಜಿ ಮೊದಲು ಬಾಯಿ ಬಿಡಲಿಲ್ಲ. ಮೂರನೆಯ ಸಲ ಕೇಳಿದಾಗ ಹೇಳಿದರು. 1946ರಲ್ಲಿ ದೊಡ್ಡ ತಾತ ಊರಿಗೆ ಬಂದಾಗ ‘ಕಂಡವರ ಹೇಲು ಬಳಿದು ಬಂದವನು’ ಎಂಬ ಮಾತು ಎದ್ದಿತಂತೆ. ಕೊಟ್ಟಿಗೆಯಲ್ಲಿ ಸ್ನಾನ, ಊಟಕ್ಕೆ ಬೇರೆ ತಟ್ಟೆ. ಗೊತ್ತಾಗಿದ್ದ ಹೆಣ್ಣು ತಪ್ಪಿತು. ತಂಗಿಯ ಮದುವೆಯೂ ನಿಂತೀತೆಂಬ ಹೆದರಿಕೆಯಿಂದ ಮನೆಯವರೇ ಬಂದೂಕಿನ ಕಥೆ ಕಟ್ಟಿದರು. ಅವರು ಅದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ, ಒಮ್ಮೆಯೂ ತಾವಾಗಿ ಹೇಳಲೂ ಇಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಬ್ರಿಟಿಷರ ಕಡತ ಅವರ ಹೆಸರು ಬರೆಯಲಿಲ್ಲ, ಸರಿ. ಅವರ ಕೆಲಸವನ್ನು ಅಳಿಸಿದವರು ನಾವು. ಕೊಂದ ಕಥೆ ಮನೆಗೆ ಮರ್ಯಾದೆ ತಂದಿತು, ಉಳಿಸಿದ ಕಥೆ ಮೈಲಿಗೆಯಾಯಿತು. ಜಾಲಹಳ್ಳಿಗೂ ಹೀಗೇ ಆಗಿದೆ. 1949ರಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಬಂತು, ಮುಂದಿನ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಬಂದವು. ಈಗ ಜಾಲಹಳ್ಳಿ ಎಂದರೆ ನೆನಪಾಗುವುದು ಇವೇ. ಹಳಬರನ್ನು ಕೇಳಿದರೆ ಬೆಂಗಳೂರಿನಲ್ಲಿದ್ದ ಇಟಲಿಯ ಯುದ್ಧಕೈದಿಗಳ ಬಗ್ಗೆ ಅಕ್ಕರೆಯಿಂದ ಮಾತನಾಡುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಹೋಗಿ ರೋಗಿಗಳ ಮೈ ಒರೆಸಿದ ಹುಡುಗರ ಬಗ್ಗೆ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಅಜ್ಜಿ ಇನ್ನೊಂದು ವಿಷಯ ಹೇಳಿದರು. ದೊಡ್ಡ ತಾತನ ತಾಯಿ ಪಾರ್ಶ್ವವಾಯು ಬಡಿದು ಆರು ವರ್ಷ ಹಾಸಿಗೆ ಹಿಡಿದಿದ್ದರು. ಹಗಲೂ ರಾತ್ರಿ, ಎರಡು ಗಂಟೆಗೊಮ್ಮೆ, ಮಗನೇ ಎದ್ದು ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಹಾಸಿಗೆಯ ಬಟ್ಟೆಯನ್ನು ಒಂದು ಸುಕ್ಕೂ ಇಲ್ಲದಂತೆ ಎಳೆದು ಕಟ್ಟುತ್ತಿದ್ದರು. ಬೆನ್ನು, ಹಿಮ್ಮಡಿ, ಸೊಂಟದ ಮೂಳೆಯ ಮೇಲೆ ಬೆರಳಾಡಿಸಿ ಎಲ್ಲಿಯಾದರೂ ಕೆಂಪಾಗಿದೆಯೇ ಎಂದು ದೀಪ ಹಿಡಿದು ನೋಡುತ್ತಿದ್ದರು. ‘ಆರು ವರ್ಷ ಕಣೋ, ಅತ್ತೆಯ ಬೆನ್ನಿನಲ್ಲಿ ಒಂದು ಹುಣ್ಣು ಆಗಲಿಲ್ಲ’ ಎಂದರು ಅಜ್ಜಿ. ಆ ತಾಯಿಗೆ ಅನ್ನ ಹಾಕುತ್ತಿದ್ದದ್ದೂ ಬೇರೆ ತಟ್ಟೆಯ ಮಗನೇ.

ಮುಂದಿನ ತಿಂಗಳು ಮನೆಗೆ ಸುಣ್ಣ ಬಣ್ಣ ಆಗಲಿದೆ. ಫೋಟೊದ ಕೆಳಗಿನ ಸಾಲನ್ನು ಬದಲಿಸಿ ‘ನರ್ಸಿಂಗ್ ಸಿಪಾಯಿ, ಸೇನಾ ಆಸ್ಪತ್ರೆ, ಜಾಲಹಳ್ಳಿ’ ಎಂದು ಬರೆಸುತ್ತೇನೆ ಎಂದಿದ್ದೇನೆ. ಚಿಕ್ಕಪ್ಪ ಬೇಡ ಎನ್ನುತ್ತಿದ್ದಾರೆ, ಊರವರು ಏನೆಂದುಕೊಂಡಾರು ಎನ್ನುತ್ತಿದ್ದಾರೆ. ಅಜ್ಜಿ ಏನೂ ಹೇಳಲಿಲ್ಲ. ಫೋಟೊ ಇಳಿಸಿಕೊಡು ಎಂದರು, ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದರು.