ಒಂದೇ ಹೆಸರಿನ ಮೂವರು ಯಾನಿಸ್

ಅಣ್ಣನ ಮಗಳು ಕೃಷಿ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಹೋದ ತಿಂಗಳು ಅವಳಿಗಾಗಿ ಒಂದು ಲೇಖನ ಹುಡುಕಲು ಕೂತಿದ್ದೆ. ನನಗೆ ಬೇಕಿದ್ದದ್ದು ವೈದ್ಯಕೀಯ ಸಂಶೋಧನೆಯ ತಪ್ಪುಗಳ ಬಗ್ಗೆ ಇಯೋನಿಡಿಸ್ ಎಂಬ ವೈದ್ಯರು ಬರೆದದ್ದು. ಸುಮ್ನೆ ಅಡ್ಡಹೆಸರೊಂದನ್ನೇ ಹಾಕಿ ಹುಡುಕಿದೆ. ಔಷಧ ಪ್ರಯೋಗಗಳ ಮೇಲೆ ಒಂದು ಲೇಖನ ಬಂತು. ಅದರ ಕೆಳಗೆ ಡೇಟಾಬೇಸ್ ಬಗ್ಗೆ ಇನ್ನೊಂದು. ಅದರ ಕೆಳಗೆ ನೆರೆಹೊರೆ ಮತ್ತು ಕೆಲಸ ಸಿಗುವ ದಾರಿಗಳ ಬಗ್ಗೆ ಮತ್ತೊಂದು. ಇಷ್ಟೆಲ್ಲ ಒಬ್ಬರೇ ಬರೆದರೇ ಎಂದು ಒಂದು ಕ್ಷಣ ಬೆರಗಾದೆ. ಆಮೇಲೆ ತಿಳಿಯಿತು, ಇವರು ಮೂವರು. ಮೂವರ ಹೆಸರೂ ಅಸಲಿಗೆ ಒಂದೇ.

ಗ್ರೀಕಿನಲ್ಲಿ ಇಯೋನಿಸ್ ಅಂದರೆ ಇಂಗ್ಲಿಷಿನ ಜಾನ್. ಮನೆಯಲ್ಲಿ ಕರೆಯುವಾಗ ಯಾನಿಸ್. 'ಇಡಿಸ್' ಅಂದರೆ ಮಗ ಅಥವಾ ವಂಶದವನು. ಪಾಂಡುವಿನ ಮಕ್ಕಳು ಪಾಂಡವರಾದ ಹಾಗೆ ಇಯೋನಿಸನ ಮಕ್ಕಳು ಇಯೋನಿಡಿಸ್. ಅಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ ಇದೆ. ನಮ್ಮಲ್ಲೂ ಇದೆ ಅಲ್ವಾ? ಹಾಗಾಗಿ ಅಣ್ಣತಮ್ಮಂದಿರ ಮೊದಲ ಗಂಡುಮಕ್ಕಳೆಲ್ಲ ಒಂದೇ ಹೆಸರು, ಒಂದೇ ಅಡ್ಡಹೆಸರು ಹೊತ್ತು ಓಡಾಡುತ್ತಾರೆ. ಅವರನ್ನು ಬೇರೆ ಮಾಡುವುದು ನಡುವೆ ಬರೆಯುವ ಅಪ್ಪನ ಹೆಸರು. ಹೆಣ್ಣುಮಕ್ಕಳದು ಇನ್ನೊಂದು ಕಥೆ. ಅಣ್ಣ ಇಯೋನಿಡಿಸ್ ಆದರೆ ತಂಗಿ ಇಯೋನಿಡು. ಕಂಪ್ಯೂಟರಿಗೆ ಅವು ಎರಡು ಬೇರೆ ಮನೆತನ.

ಮೊದಲನೆಯವರು ಜಾನ್ ಇಯೋನಿಡಿಸ್, ಸ್ಟ್ಯಾನ್‌ಫರ್ಡ್‌ನ ವೈದ್ಯ. ಪ್ರಕಟವಾಗುವ ಸಂಶೋಧನೆಗಳಲ್ಲಿ ಬಹುಪಾಲು ಏಕೆ ಸುಳ್ಳಾಗುತ್ತವೆ ಎಂದು 2005ರಲ್ಲಿ ಒಂದು ಲೇಖನ ಬರೆದರು. ವಾದ ಸರಳ. ಪ್ರಯೋಗ ಸಣ್ಣದಿದ್ದಷ್ಟೂ, ಒಂದೇ ವಿಷಯದ ಹಿಂದೆ ಜಾಸ್ತಿ ಗುಂಪುಗಳು ಓಡಿದಷ್ಟೂ, ಲೆಕ್ಕವನ್ನು ಬೇಕಾದ ಹಾಗೆ ತಿರುಗಿಸಲು ಅವಕಾಶ ಇದ್ದಷ್ಟೂ ಉತ್ತರ ನಿಜವಾಗಿರುವ ಸಾಧ್ಯತೆ ಕಡಿಮೆ. ಅದೇ ವರ್ಷ ಅವರು ಇನ್ನೊಂದು ಕೆಲಸ ಮಾಡಿದರು. ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. 1990ರಿಂದ 2003ರವರೆಗೆ ಬಂದ, ಬೇರೆಯವರು 1,000ಕ್ಕಿಂತ ಹೆಚ್ಚು ಸಲ ಉಲ್ಲೇಖಿಸಿದ 49 ವೈದ್ಯಕೀಯ ಅಧ್ಯಯನಗಳನ್ನು ಎತ್ತಿಕೊಂಡರು. ಅದರಲ್ಲಿ 45 ಅಧ್ಯಯನಗಳು ಈ ಚಿಕಿತ್ಸೆ ಫಲ ಕೊಡುತ್ತದೆ ಎಂದಿದ್ದವು. ಮುಂದೆ ಬಂದ ಅಧ್ಯಯನಗಳ ಜೊತೆ ಹೋಲಿಸಿದಾಗ 7 ಪೂರ್ತಿ ಉಲ್ಟಾ ಆಗಿದ್ದವು. ಇನ್ನು 7ರಲ್ಲಿ ಮೊದಲು ಹೇಳಿದಷ್ಟು ಫಲ ಕಾಣಲಿಲ್ಲ. 20 ಗಟ್ಟಿಯಾಗಿ ನಿಂತವು. ಉಳಿದ 11ನ್ನು ಯಾರೂ ಸರಿಯಾಗಿ ಮರುಪರೀಕ್ಷೆಯನ್ನೇ ಮಾಡಿರಲಿಲ್ಲ. ಜಗತ್ತಿನ ವೈದ್ಯರೆಲ್ಲ ನೆಚ್ಚಿಕೊಂಡ ಅಧ್ಯಯನಗಳ ಕಥೆ ಇದು.

ಇದೇ ಇಯೋನಿಡಿಸ್ 2020ರ ಏಪ್ರಿಲ್‌ನಲ್ಲಿ ಕೋವಿಡ್ ಬಗ್ಗೆ ಒಂದು ಸಮೀಕ್ಷೆಯ ತಂಡದಲ್ಲಿದ್ದರು. ಎಷ್ಟು ಜನರಿಗೆ ಆಗಲೇ ಸೋಂಕು ಬಂದುಹೋಗಿದೆ ಎಂದು ನೋಡಲು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ 3,330 ಜನರ ರಕ್ತಪರೀಕ್ಷೆ. ಜನರನ್ನು ಕರೆದದ್ದು ಫೇಸ್‌ಬುಕ್ ಜಾಹೀರಾತಿನಿಂದ. ತಮಗೆ ಸೋಂಕು ಬಂದಿರಬಹುದು ಅಂದುಕೊಂಡವರೇ ಹೆಚ್ಚಾಗಿ ಬಂದಿರಬಹುದಲ್ಲ, ಪರೀಕ್ಷೆಯ ಸಣ್ಣ ತಪ್ಪೂ ಲೆಕ್ಕವನ್ನು ಏರುಪೇರು ಮಾಡುತ್ತದಲ್ಲ ಎಂದು ಬೇರೆ ವಿಜ್ಞಾನಿಗಳು ಕಟುವಾಗಿ ಪ್ರಶ್ನಿಸಿದರು. ಆ ಪ್ರಶ್ನೆಗಳು ನ್ಯಾಯವಾದವು ಅಂತಲೇ ನನ್ನ ಅಭಿಪ್ರಾಯ. ಅವರೇ ಕಲಿಸಿದ ಅಳತೆಗೋಲಿನಿಂದ ಜನ ಅವರನ್ನೂ ಅಳೆದರು. 2005ರ ಕೆಲಸಕ್ಕೆ ನಾನು ಕೊಡುವ ಗೌರವ ಇದರಿಂದ ಕಡಿಮೆಯಾಗುವುದಿಲ್ಲ.

ಎರಡನೆಯವರು ಯಾನಿಸ್ ಇಯೋನಿಡಿಸ್, ನಡುವೆ 'ಇ' ಅಕ್ಷರ. ಅಥೆನ್ಸ್ ವಿಶ್ವವಿದ್ಯಾಲಯದ ಡೇಟಾಬೇಸ್ ತಜ್ಞ. 2022ರಿಂದ 2024ರವರೆಗೆ ಕಂಪ್ಯೂಟರ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಎಸಿಎಂನ ಅಧ್ಯಕ್ಷರಾಗಿದ್ದರು. ಅವರ ಕೆಲಸ ಅರ್ಥವಾಗಲು ನನಗೆ ಎರಡು ಸಂಜೆ ಬೇಕಾಯಿತು. ಒಂದು ಬ್ಯಾಂಕಿನ ಕಂಪ್ಯೂಟರಿಗೆ ನಾಲ್ಕೈದು ಕೋಷ್ಟಕ ಜೋಡಿಸಿ ಉತ್ತರ ಹೇಳು ಅಂದರೆ, ಅದು ಮೊದಲು ಒಂದು ಅಂದಾಜು ಮಾಡುತ್ತದೆ. ಯಾವ ಕೋಷ್ಟಕದಿಂದ ಎಷ್ಟು ಸಾಲು ಬರಬಹುದು, ಯಾವುದನ್ನು ಮೊದಲು ಜೋಡಿಸಿದರೆ ಬೇಗ ಮುಗಿಯುತ್ತದೆ ಅಂತ. ಆ ಅಂದಾಜಿಗೆ ಹಿಸ್ಟೋಗ್ರಾಮ್ ಬಳಸುತ್ತಾರೆ, ಅಂದರೆ ಯಾವ ಬೆಲೆಯ ಸಾಲುಗಳು ಎಷ್ಟಿವೆ ಎಂಬುದರ ಸಂಕ್ಷಿಪ್ತ ಲೆಕ್ಕ. ಮೊದಲ ಅಂದಾಜಿನಲ್ಲಿ ಸ್ವಲ್ಪ ತಪ್ಪಾದರೆ ಏನಾಗುತ್ತದೆ? 1991ರಲ್ಲಿ ಅವರು ಮತ್ತು ಸ್ಟಾವ್ರೋಸ್ ಕ್ರಿಸ್ಟೊಡುಲಾಕಿಸ್ ತೋರಿಸಿದ್ದು ಇದನ್ನೇ. ಜೋಡಣೆ ಒಂದೊಂದು ಹೆಚ್ಚಾದ ಹಾಗೆ ತಪ್ಪು ಒಂದಕ್ಕೆ ಒಂದು ಸೇರುವುದಿಲ್ಲ, ಗುಣಿಸಿಕೊಂಡು ಬೆಳೆಯುತ್ತದೆ.

ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ವೈದ್ಯ ಇಯೋನಿಡಿಸ್ ಹೇಳಿದ್ದೂ ಸಣ್ಣ ಸಣ್ಣ ದೋಷಗಳು ಸೇರಿ ಉತ್ತರವನ್ನೇ ಕೆಡಿಸುವ ಮಾತನ್ನೇ. ಒಬ್ಬರು ಔಷಧದಲ್ಲಿ ಕಂಡರು, ಇನ್ನೊಬ್ಬರು ಕೋಷ್ಟಕಗಳಲ್ಲಿ ಕಂಡರು. ವಿಷಯ ಆರಿಸಿಕೊಂಡು ಹುಡುಕಿದ್ದರೆ ಎರಡನೆಯದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೆಸರು ಒಂದೇ ಆಗಿದ್ದರಿಂದ ಬಿತ್ತು. ನಮ್ಮ ಕಾಲೇಜುಗಳಲ್ಲಿ ಪಕ್ಕದ ವಿಭಾಗದವರು ಏನು ಬರೆಯುತ್ತಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ. ಇದು ನಿಜವಾಗಿಯೂ ನಷ್ಟ.

ಮೂರನೆಯವರು ಯಾನಿಸ್ ಎಂ. ಇಯೋನಿಡೆಸ್, ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ. ಗ್ರೀಕ್ ಲಿಪಿಯಲ್ಲಿ ಅದೇ ಅಡ್ಡಹೆಸರು, ರೋಮನ್ ಲಿಪಿಗೆ ಬಂದಾಗ ಒಂದು ಅಕ್ಷರ ಬದಲಾಗಿದೆ, ಅಷ್ಟೇ. ಜನರಿಗೆ ಕೆಲಸ ಸಿಗುವುದು ಪರಿಚಯದವರಿಂದ, ಹಾಗಾದರೆ ನೆರೆಹೊರೆಯವರಿಗೇ ಕೆಲಸವಿಲ್ಲದ ಕೇರಿಯಲ್ಲಿ ಹುಟ್ಟಿದವರ ಗತಿ ಏನು ಎಂಬ ಪ್ರಶ್ನೆಯನ್ನು 2004ರಲ್ಲಿ ಲಿಂಡಾ ಡ್ಯಾಚರ್ ಲೌರಿ ಜೊತೆ ಸೇರಿ ಬರೆದರು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನಮ್ಮ ಕಾಲೇಜುಗಳು 'ಜಗತ್ತಿನ ಅಗ್ರ ಶೇ 2ರ ವಿಜ್ಞಾನಿಗಳು' ಎಂದು ಬ್ಯಾನರ್ ಕಟ್ಟುವ ಪಟ್ಟಿ ಇದೆಯಲ್ಲ, ಅದನ್ನು ಮಾಡುವವರಲ್ಲಿ ಮುಖ್ಯರು ಇದೇ ಜಾನ್ ಇಯೋನಿಡಿಸ್. ಪಟ್ಟಿಗೆ ಆಧಾರ ಸ್ಕೋಪಸ್ ಎಂಬ, ಲೇಖನಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ಡೇಟಾಬೇಸ್. ಅಲ್ಲಿ ಯಾವ ಲೇಖನ ಯಾರದು ಅಂತ ಮೊದಲು ವಿಂಗಡಿಸುವುದು ಯಂತ್ರ. ನಮ್ಮ ಹೆಸರುಗಳ ಮುಂದೆ ಅದು ತಡವರಿಸುತ್ತದೆ. ಊರಿನ ಒಂದು ಅಕ್ಷರ, ಅಪ್ಪನ ಒಂದು ಅಕ್ಷರ, ಆಮೇಲೆ ಹೆಸರು. ಅಡ್ಡಹೆಸರೇ ಇಲ್ಲದವರು ಎಷ್ಟೋ ಜನ. ಫಾರ್ಮು ಮಾತ್ರ ಅಡ್ಡಹೆಸರು ಕೊಡು ಅನ್ನುತ್ತದೆ.

ಅಣ್ಣನ ಮಗಳಿಗೆ ಆದದ್ದು ಅದೇ. ಮೊದಲ ಲೇಖನದಲ್ಲಿ ಇನಿಷಿಯಲ್ ಹಿಂದೆ ಹೋಯಿತು. ಎರಡನೆಯದರಲ್ಲಿ ಅಪ್ಪನ ಹೆಸರು ಅಡ್ಡಹೆಸರಾಯಿತು. ಮೂರನೆಯದರಲ್ಲಿ ಊರಿನ ಹೆಸರು. ಐದು ವರ್ಷದ ದುಡಿಮೆ ಮೂವರು ಅಪರಿಚಿತರ ಖಾತೆಗೆ ಹಂಚಿಹೋಯಿತು. ಒಂದು ಸಂದರ್ಶನದಲ್ಲಿ 'ನಿಮ್ಮದು ಒಂದೇ ಲೇಖನ ಅಲ್ವಾ' ಅಂದರಂತೆ. ಮನೆಗೆ ಬಂದು ಅತ್ತಳು. ಹೆಸರಿನ ಮುಂದಿದ್ದ ಸಂಖ್ಯೆ ನೋಡಿದರು, ಲೇಖನ ತೆರೆದು ಓದಲಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ.

2012ರಿಂದ ಸಂಶೋಧಕರಿಗೆ ಆರ್ಕಿಡ್ (ORCID) ಅಂತ 16 ಅಂಕಿಯ ಗುರುತು ಸಂಖ್ಯೆ ಇದೆ. ದುಡ್ಡು ಕೊಡಬೇಕಿಲ್ಲ. ಒಮ್ಮೆ ಮಾಡಿಕೊಂಡು ಪ್ರತಿ ಲೇಖನದ ಜೊತೆ ಕೊಟ್ಟರೆ ಹೆಸರು ಹೇಗೆ ಬರೆದರೂ ಕೆಲಸ ನಿಮ್ಮ ಹತ್ತಿರವೇ ಉಳಿಯುತ್ತದೆ. ಸಂಶೋಧನೆ ಮಾಡುವ ಮಕ್ಕಳು ಮನೆಯಲ್ಲಿದ್ದರೆ ಮೊದಲ ಲೇಖನ ಕಳಿಸುವ ಮುಂಚೆಯೇ ಮಾಡಿಸಿ. ಮಾರ್ಗದರ್ಶಕರು ಇದನ್ನು ಮೊದಲ ದಿನವೇ ಹೇಳಬೇಕು.

ಮೊನ್ನೆ ಭಾನುವಾರ ಇಬ್ಬರೂ ಕೂತು ಅವಳದನ್ನು ಮಾಡಿದೆವು. ಹಳೆಯ ಮೂರೂ ಲೇಖನ ಒಂದೇ ಕಡೆ ಬಂದವು. ಥೀಸಿಸ್‌ನ ಮುಖಪುಟದಲ್ಲಿ ಊರು, ಅಪ್ಪ, ತಾನು, ಮೂರನ್ನೂ ಪೂರ್ತಿ ಬರೆಯುತ್ತೇನೆ ಅಂದಿದ್ದಾಳೆ. ಸಾಲು ಉದ್ದವಾಗುತ್ತದೆ ಅಂದೆ. ಆಗಲಿ ಅಂದಳು.