ಒಂದು ಕೆ.ಜಿ., ಎಂಟು ವರ್ಷ

2008ರ ಆಗಸ್ಟ್ 16ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 75 ಕೆ.ಜಿ. ಮೇಲ್ಪಟ್ಟ ವಿಭಾಗದ ವೇಟ್‌ಲಿಫ್ಟಿಂಗ್ ಸ್ಪರ್ಧೆ ಮುಗಿದಾಗ ಸಮೋವಾದ ಎಲೆ ಒಪೆಲೊಗೆ ನಾಲ್ಕನೇ ಸ್ಥಾನದಲ್ಲಿದ್ದರು. ಭಾರವನ್ನು ಒಂದೇ ಸೆಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 119, ಎರಡು ಹಂತಗಳಲ್ಲಿ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 150, ಹೀಗೆ ಅವರು ಎತ್ತಿದ ಒಟ್ಟು ಭಾರ 269 ಕೆ.ಜಿ. ಕಂಚಿನ ಪದಕ ಪಡೆದ ಕಜಕಸ್ತಾನದ ಮಾರಿಯಾ ಗ್ರಾಬೊವೆಟ್ಸ್ಕಾಯಾ ಎತ್ತಿದ್ದು 270. ಬಾರ್‌ಬೆಲ್‌ನ ಎರಡೂ ತುದಿಗೆ ಅರ್ಧರ್ಧ ಕೆ.ಜಿ.ಯ ಒಂದೊಂದು ತಟ್ಟೆ ಸೇರಿಸಿದರೆ ಆಗುವಷ್ಟೇ ಅಂತರ ಅದು. ಅಂಥ ತಟ್ಟೆಯೊಂದನ್ನು ನಾನು ಜಿಮ್‌ನಲ್ಲಿ ಅಂಗೈ ಮೇಲಿಟ್ಟು ನೋಡಿದ್ದೇನೆ. ಬೆರಳುಗಳನ್ನು ಮಡಿಸಿದರೆ ಅದರ ಬಹುಪಾಲು ಮುಚ್ಚಿಹೋಗುತ್ತದೆ.

ಸುಮಾರು ಎರಡು ಲಕ್ಷ ಜನಸಂಖ್ಯೆಯ ಆ ದ್ವೀಪರಾಷ್ಟ್ರ ಒಲಿಂಪಿಕ್ಸ್‌ಗೆ ಮೊದಲ ಸಲ ತಂಡ ಕಳಿಸಿದ್ದು 1984ರಲ್ಲಿ. ಅಂದಿನಿಂದ ಬೀಜಿಂಗ್‌ವರೆಗೆ ಒಂದು ಪದಕವೂ ಬಂದಿರಲಿಲ್ಲ. ಬೀಜಿಂಗ್‌ನಿಂದಲೂ ಬರಲಿಲ್ಲ ಎಂದೇ ಎಲ್ಲರೂ ತಿಳಿದರು.

ಆದರೆ ಅಂದಿನ ಕ್ರೀಡಾಪಟುಗಳ ಮೂತ್ರದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಜೋಪಾನವಾಗಿ ಕಾಯ್ದಿಡಲಾಗಿತ್ತು. ಸ್ಟೀರಾಯ್ಡ್ ದೇಹದಲ್ಲಿ ಕರಗಿದ ಮೇಲೂ ಬಹುಕಾಲ ಉಳಿಯುವ ಸೂಕ್ಷ್ಮ ಅಂಶಗಳನ್ನು ಗುರುತಿಸುವ ವಿಧಾನಗಳು ಆಮೇಲಿನ ವರ್ಷಗಳಲ್ಲಿ ಸುಧಾರಿಸಿದವು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷೆಗೆ ಒಡ್ಡಿದಾಗ, ಬೆಳ್ಳಿ ಗೆದ್ದಿದ್ದ ಉಕ್ರೇನಿನ ಓಲ್ಹಾ ಕೊರೊಬ್ಕಾ ಮತ್ತು ಗ್ರಾಬೊವೆಟ್ಸ್ಕಾಯಾ ಇಬ್ಬರೂ ಉದ್ದೀಪನ ಮದ್ದು ಸೇವಿಸಿದ್ದು ಸಾಬೀತಾಗಿ, 2016ರಲ್ಲಿ ಅವರ ಫಲಿತಾಂಶ ರದ್ದಾಯಿತು. ಚಿನ್ನ ದಕ್ಷಿಣ ಕೊರಿಯಾದ ಜಾಂಗ್ ಮಿ-ರಾನ್ ಅವರ ಬಳಿಯೇ ಉಳಿಯಿತು. ಒಪೆಲೊಗೆ ಅವರಿಗೆ ಬೆಳ್ಳಿ, ಐದನೇ ಸ್ಥಾನದಲ್ಲಿದ್ದ ನೈಜೀರಿಯಾದ ಮರಿಯಮ್ ಉಸ್ಮಾನ್ ಅವರಿಗೆ ಕಂಚು ಸಂದವು. ಸಮೋವಾದ ಮೊದಲ ಒಲಿಂಪಿಕ್ ಪದಕ ಬಂದದ್ದು ಹೀಗೆ.

ಸತ್ಯಕ್ಕೆ ಕೊನೆಗೂ ಜಯವಾಯಿತು ಎಂದು ಈ ಕತೆಯನ್ನು ಸಂಭ್ರಮಿಸುವವರಿದ್ದಾರೆ. ನನ್ನಿಂದ ಅದು ಸಾಧ್ಯವಾಗುತ್ತಿಲ್ಲ. ನಡುವಿನ ಎಂಟು ವರ್ಷಗಳಲ್ಲಿ ಒಪೆಲೊಗೆ ಸುಮ್ಮನೆ ಕುಳಿತವರಲ್ಲ. 2010ರಲ್ಲಿ ನಮ್ಮ ದೆಹಲಿಯಲ್ಲೇ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಅವರ ಸಹೋದರ ನಿಯುಸಿಲಾ ಕೂಡ ಚಿನ್ನ ಗೆದ್ದರು. 2014ರ ಗ್ಲಾಸ್ಗೊ ಕೂಟವನ್ನು ನೆನೆದರೆ ಮಾತ್ರ ನನಗೆ ಸಂಕಟವಾಗುತ್ತದೆ. ಅಲ್ಲಿ ಉಸ್ಮಾನ್ ಚಿನ್ನ ಗೆದ್ದರು, ಒಪೆಲೊಗೆ ಅವರಿಗೆ ಬೆಳ್ಳಿ. ಪದಕ ವೇದಿಕೆಯ ಮೇಲೆ ಅಕ್ಕಪಕ್ಕ ನಿಂತಿದ್ದ ಆ ಇಬ್ಬರೂ ನ್ಯಾಯವಾಗಿ ಒಲಿಂಪಿಕ್ ಪದಕಕ್ಕೆ ಆಗಲೇ ಅರ್ಹರಾಗಿದ್ದವರು. ಅದು ಅವರಿಗೂ ಗೊತ್ತಿರಲಿಲ್ಲ, ಕೊರಳಿಗೆ ಪದಕ ತೊಡಿಸಿದವರಿಗೂ ಗೊತ್ತಿರಲಿಲ್ಲ.

ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕೂಟದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ ತಂದಾಗ ನಾವೆಲ್ಲ ಎಷ್ಟು ಹಿಗ್ಗಿದ್ದೆವು! ಪದಕ ಗೆದ್ದ ದಿನವೇ ಸಿಗುವ ಆ ಹಿಗ್ಗು, ಅದರ ಬೆನ್ನಿಗೆ ಬರುವ ನೆರವು, ಅದನ್ನು ಕಂಡು ಗರಡಿಮನೆಯ ಬಾಗಿಲು ತಟ್ಟುವ ಮಕ್ಕಳು, ಇವು ಪದಕದ ಲೋಹಕ್ಕಿಂತ ದೊಡ್ಡ ಸಂಪಾದನೆ ಎಂದು ನಂಬಿದವನು ನಾನು. ಸಮೋವಾದಂಥ ಪುಟ್ಟ ದೇಶಕ್ಕೆ 2008ರಲ್ಲೇ ಅದು ದಕ್ಕಿದ್ದರೆ ಏನೇನಾಗುತ್ತಿತ್ತು ಎಂಬುದನ್ನು ಯಾವ ಮರುಪರೀಕ್ಷೆಯೂ ಹೇಳಲಾರದು.

ಹಾಗೆಂದು ಮರುಪರೀಕ್ಷೆ ಬೇಡ ಎನ್ನುತ್ತಿಲ್ಲ. ಮಾದರಿಗಳನ್ನು ಈಗ ಹತ್ತು ವರ್ಷ ಇಟ್ಟು ಪರೀಕ್ಷಿಸಲು ಅವಕಾಶವಿದೆ, ಅದು ಇರಲೇಬೇಕು. ಆದರೆ ತಡವಾಗಿ ಸಿಕ್ಕ ಪದಕವನ್ನು ಸದ್ದಿಲ್ಲದೆ ಕೈಗಿಡುವ ಪದ್ಧತಿ ಕೊನೆಯಾಗಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವೇಳೆ, ಹಿಂದಿನ ಕೂಟಗಳಲ್ಲಿ ವಂಚಿತರಾಗಿದ್ದ ಕೆಲವು ಕ್ರೀಡಾಪಟುಗಳಿಗೆ ತುಂಬಿದ ಸಭೆಯ ಮುಂದೆ ಪದಕ ತೊಡಿಸಿದ್ದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಅಂಥ ಗೌರವ ಪ್ರತಿ ಒಲಿಂಪಿಕ್ಸ್‌ನಲ್ಲೂ, ಪ್ರತಿಯೊಬ್ಬ ವಂಚಿತರಿಗೂ ಹಕ್ಕಾಗಿ ಸಿಗಬೇಕು.

2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕೂಟದ ಪುರುಷರ 96 ಕೆ.ಜಿ. ವಿಭಾಗದಲ್ಲಿ ನಮ್ಮ ವಿಕಾಸ್ ಠಾಕೂರ್ 346 ಕೆ.ಜಿ. ಎತ್ತಿ ಬೆಳ್ಳಿ ಗೆದ್ದದ್ದು ಹಲವರಿಗೆ ನೆನಪಿರಬಹುದು. ಅಂದು 381 ಕೆ.ಜಿ. ಎತ್ತಿ ಚಿನ್ನ ಗೆದ್ದ ಡಾನ್ ಒಪೆಲೊಗೆ, ಎಲೆ ಅವರ ತಮ್ಮ.